ಎಳೆಬಿಸಿಲಿನ ನಾಲ್ಕು ಊರುಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ನಗರವನ್ನು ಈಶಾನ್ಯದಿಂದ ಆಗ್ನೇಯದವರೆಗೆ ಅರ್ಧಚಂದ್ರದ ಹಾಗೆ ಬಳಸಿ ನಿಂತ ಊರುಗಳಿವು. ಬಾಗೇವಾಡಿ ನಗರದಿಂದ ಸುಮಾರು 43 ಕಿಲೋಮೀಟರ್ ದೂರ. ಇಂಡಿ, ಸಿಂದಗಿಗಳು 60 ಕಿಲೋಮೀಟರಿನ ಆಸುಪಾಸು, ಮುದ್ದೇಬಿಹಾಳ 80ರ ಹತ್ತಿರ. ಉತ್ತರದ ಗಡಿಗೆ ಭೀಮೆ, ದಕ್ಷಿಣದ ಗಡಿಗೆ ಕೃಷ್ಣೆ, ನಡುವಿನ ಎರೆಭೂಮಿಯನ್ನು ಸೀಳಿಕೊಂಡು ಡೋಣಿ. ಗುಡ್ಡ ಕಡಿಮೆ, ಕಾಡು ಇಲ್ಲವೆನ್ನುವಷ್ಟು ವಿರಳ. ಕಣ್ಣು ಹಾಯುವವರೆಗೂ ಬಯಲು, ಬಯಲಿನ ಮೇಲೆ ಬಿಸಿಲು.

ಈ ಬಿಸಿಲಿನ ಹೆಸರು ಕೇಳಿಯೇ ಹೊರಗಿನವರು ಹಿಂದೇಟು ಹಾಕುತ್ತಾರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಸೀಮೆ ಇದಾದ್ದರಿಂದ ಆ ಹಿಂಜರಿಕೆಗೆ ಕಾರಣವೂ ಇದೆ. ಆದರೆ ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಇದೇ ಬಿಸಿಲು ಬೇರೆಯೇ ಗುಣ ತಳೆಯುತ್ತದೆ. ನಸುಕಿನಲ್ಲಿ ಹೊದಿಕೆ ಬೇಕೆನಿಸುವ ಚಳಿ. ಎಂಟು ಗಂಟೆಗೆ ಗೋಡೆಗೆ ಬೆನ್ನು ಕೊಟ್ಟು ಕೂರಬೇಕೆನಿಸುವ ಎಳೆಬಿಸಿಲು. ಮಧ್ಯಾಹ್ನ ಒಂದಿಷ್ಟು ಕಾವು. ಸಂಜೆ ಮತ್ತೆ ತಂಪುಗಾಳಿ. ಮೋಡದ ಕಾಟ ವಿರಳ, ಮಳೆಯ ಭಯ ಇಲ್ಲವೇ ಇಲ್ಲ ಎನ್ನಬಹುದು. ಎರಡು ಮೂರು ದಿನ ಬಿಸಿಲು ಕಾಯಿಸಿಕೊಂಡು, ಚೆನ್ನಾಗಿ ಉಂಡು, ನೋಡಬೇಕಾದ್ದನ್ನು ನಿಧಾನವಾಗಿ ನೋಡಿ ಬರಲು ಇದಕ್ಕಿಂತ ಹಿತವಾದ ಕಾಲ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಹೊಲದಲ್ಲಿ ಜೋಳ ಹಾಲುಗಾಳು ಕಟ್ಟುವುದೂ ಈಗಲೇ, ಎಳ್ಳ ಅಮಾವಾಸ್ಯೆಯ ಚರಗ ನಡೆಯುವುದೂ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ ಸೇರುವುದೂ ಈ ದಿನಗಳಲ್ಲೇ.

ವಿಜಯಪುರಕ್ಕೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಗೋಳಗುಮ್ಮಟ ನೋಡಿ ಅಂದೇ ಮರಳುತ್ತಾರೆ. ಗುಮ್ಮಟ ನೋಡತಕ್ಕದ್ದೇ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ ನಿಂತ, ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ವ್ಯಾಸದ ಆ ಒಂದೇ ಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಜನ ತುಂಬಿದ ಮೇಲೆ ಅಲ್ಲಿ ಕೇಳುವುದು ಬರೀ ಗದ್ದಲ. ಇಬ್ರಾಹಿಂ ರೋಜಾ, 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು, ಪೂರ್ಣಗೊಳ್ಳದ ಬಾರಾ ಕಮಾನು ಇವೆಲ್ಲಕ್ಕೂ ಒಂದು ದಿನ ಸಾಕು. ಅವುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನಗರ ದಾಟಿದ ಮೇಲೆ ಸಿಗುವ ನಾಲ್ಕು ಊರುಗಳ ಬಗ್ಗೆ ಬರೆದದ್ದೇ ಕಡಿಮೆ.

ಸುತ್ತುವ ಮೊದಲು ಒಂದು ಸಂಗತಿ ತಿಳಿದಿರಬೇಕು. 2018ರಿಂದೀಚೆಗೆ ಈ ಹಳೆಯ ತಾಲ್ಲೂಕುಗಳು ಒಡೆದು ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಹೊಸ ತಾಲ್ಲೂಕುಗಳಾದವು. ಕಾಗದದ ಮೇಲೆ ಆಲಮಟ್ಟಿ ಈಗ ನಿಡಗುಂದಿಗೆ ಸೇರಿದೆ, ಹಲಸಂಗಿ ಚಡಚಣಕ್ಕೆ ಸೇರಿದೆ. ಜನರ ಬಾಯಲ್ಲಿ ಮಾತ್ರ ಹಳೆಯ ಲೆಕ್ಕವೇ ಉಳಿದಿದೆ. ಈ ಬರಹವೂ ಅದೇ ಲೆಕ್ಕವನ್ನು ಹಿಡಿದಿದೆ.

ಇಲ್ಲಿಯ ದಿನಚರಿಯನ್ನು ಬಿಸಿಲೇ ಗೊತ್ತುಮಾಡುತ್ತದೆ. ನೋಡುವ ಜಾಗಗಳೆಲ್ಲ ಬೆಳಗಿನ ಏಳರಿಂದ ಹನ್ನೊಂದರೊಳಗೆ, ಮತ್ತೆ ಸಂಜೆ ನಾಲ್ಕರ ನಂತರ. ನಡುವಿನ ಹೊತ್ತು ಊಟಕ್ಕೆ, ನೆರಳಿಗೆ, ಒಂದು ಸಣ್ಣ ನಿದ್ದೆಗೆ. ಊರಿನವರು ತಲೆತಲಾಂತರದಿಂದ ಹೀಗೇ ಬದುಕಿದ್ದಾರೆ. ಮಧ್ಯಾಹ್ನ ಎರಡಕ್ಕೆ ಓಣಿಗಳು ಖಾಲಿಯಾಗಿ, ಐದಕ್ಕೆ ಕಟ್ಟೆಗಳು ತುಂಬುತ್ತವೆ. ಈ ಲಯಕ್ಕೆ ಹೊಂದಿಕೊಂಡ ಪ್ರವಾಸಿಗನಿಗೆ ದಣಿವೇ ತಿಳಿಯುವುದಿಲ್ಲ.

ಬೆಳಗಿನ ತಿಂಡಿ ಬಸ್‌ ನಿಲ್ದಾಣದ ಸುತ್ತಲಿನ ಸಣ್ಣ ಹೋಟೆಲುಗಳಲ್ಲೇ ಚೆನ್ನ. ನೆನೆಸಿ ಹಿಂಡಿದ ಚುರುಮುರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಪುಟಾಣಿ ಹಿಟ್ಟಿನ ಒಗ್ಗರಣೆ ಹಾಕಿದ ಸುಸಲಾ, ಅದರ ಪಕ್ಕಕ್ಕೆ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ ಭಜಿ, ಮೇಲೆ ಸಣ್ಣ ಗ್ಲಾಸಿನಲ್ಲಿ ಗಟ್ಟಿ ಚಹಾ. ಇಡ್ಲಿ, ದೋಸೆ ಈಗ ಎಲ್ಲೆಡೆ ಸಿಗುತ್ತವೆ, ಆದರೆ ಅವನ್ನು ತಿನ್ನಲು ಇಷ್ಟು ದೂರ ಬರಬೇಕಾಗಿಲ್ಲ.

ಈ ಸೀಮೆಯ ನಿಜವಾದ ರುಚಿ ಇರುವುದು ಮಧ್ಯಾಹ್ನದ ಊಟದಲ್ಲಿ. ಆ ಊಟದ ಬೇರು ಎರೆಮಣ್ಣಿನಲ್ಲಿದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆ, ಅದರಲ್ಲೂ ಹೆಚ್ಚಿನ ಪಾಲು ಬೀಳುವುದು ಸೆಪ್ಟೆಂಬರಿನ ಸುತ್ತ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಎರೆ, ಮಳೆ ಬಿದ್ದಾಗ ಆ ಬಿರುಕುಗಳಿಂದಲೇ ನೀರು ಕುಡಿದು ಊದಿಕೊಂಡು ಮುಚ್ಚಿಕೊಳ್ಳುತ್ತದೆ. ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳ ಮುಂದೆ ಒಂದು ಹನಿ ಮಳೆ ಬೀಳದಿದ್ದರೂ ಮಣ್ಣೊಳಗಿನ ಆ ತೇವದಿಂದಲೇ ಬೆಳೆದು, ಫೆಬ್ರುವರಿ, ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ಕಾಳು ಕಟ್ಟುವ ಹೊತ್ತಿಗೆ ಮಳೆಯಿಲ್ಲದ ಕಾರಣ ಅದಕ್ಕೆ ಬೂಷ್ಟು ಹಿಡಿಯುವುದಿಲ್ಲ, ಮುತ್ತಿನಂತೆ ಬೆಳ್ಳಗೆ ಉಳಿಯುತ್ತದೆ. ಮಾಲದಂಡಿ ಎಂಬ ತಳಿಯ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಡೋಣಿ ಕಣಿವೆಯ ಎರೆಯಂತೂ ಈ ಬೆಳೆಗೆ ಹೆಸರಾದದ್ದು. ಡೋಣಿಯ ನೀರು ಉಪ್ಪು, ಕುಡಿಯಲು ಬಾರದು; ಆದರೂ ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂಬ ಗಾದೆ ಇಂದಿಗೂ ಚಾಲ್ತಿಯಲ್ಲಿದೆ.

ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ಹದ ಮಾಡಿ, ಅಂಗೈಯ ಬುಡದಿಂದ ನಾದಿ ನಾದಿ ಜಿಗುಟು ತರಬೇಕು. ಬಡಿಯುವಾಗ ರೊಟ್ಟಿ ತಾನೇ ತಿರುಗುತ್ತಿರಬೇಕು, ಅಂಚು ಒಡೆಯಬಾರದು. ಹಂಚಿಗೆ ಹಾಕಿದ ಕೂಡಲೇ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿ, ಕಡೆಗೆ ಕೆಂಡದ ಉರಿಗೆ ಹಿಡಿದಾಗ ಅದು ಪುರಿಯಂತೆ ಉಬ್ಬುತ್ತದೆ. ಇದು ಬಿಸಿರೊಟ್ಟಿ. ಇದನ್ನೇ ಇನ್ನೂ ತೆಳ್ಳಗೆ ಬಡಿದು, ಒಳಗಿನ ತೇವವೆಲ್ಲ ಹೋಗುವಂತೆ ಒಣಗಿಸಿದರೆ ಖಡಕ್ ರೊಟ್ಟಿ. ಹಪ್ಪಳದ ಹಾಗೆ ಮುರಿಯುವ ಈ ರೊಟ್ಟಿ ಒಣ ಹವೆಯಲ್ಲಿ ವಾರಗಟ್ಟಲೆ ಕೆಡದೆ ಇರುತ್ತದೆ. ಜಾತ್ರೆಗೆ, ದೂರದ ಹಾದಿಗೆ ಬುತ್ತಿ ಕಟ್ಟುವ ಊರಿನಲ್ಲಿ ಇಂಥ ರೊಟ್ಟಿ ಹುಟ್ಟದೆ ಇರಲು ಸಾಧ್ಯವಿರಲಿಲ್ಲ.

ಖಾನಾವಳಿಯ ತಾಟಿನಲ್ಲಿ ರೊಟ್ಟಿಯ ಜತೆಗೆ ಎಣ್ಣೆಗಾಯಿ ಬದನೆಕಾಯಿ, ಮಡಿಕೆಕಾಳು ಅಥವಾ ಹೆಸರುಕಾಳಿನ ಪಲ್ಯ, ಹುಳಿಹುಳಿ ಪುಂಡಿಪಲ್ಯ, ಕಡಲೆಹಿಟ್ಟಿನ ಝುಣಕ ಬರುತ್ತವೆ. ಬದಿಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಯ ಪುಟ್ಟ ಗುಡ್ಡೆಗಳು. ಕೆಂಪು ಮೆಣಸಿನಕಾಯಿಯ ರಂಜಕ. ಹಸಿ ಮೆಂತ್ಯದ ಸೊಪ್ಪು, ಸವತಿಕಾಯಿ, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ಖಾರಕ್ಕೆ ಮದ್ದಾಗಿ ಗಟ್ಟಿ ಮೊಸರು. ಸಿಹಿಗೆ ಶೇಂಗಾ ಹೋಳಿಗೆ ಅಥವಾ ಮಾದಲಿ. ಹಿಂಡಿಯ ಮೇಲೆ ಹಸಿ ಶೇಂಗಾ ಎಣ್ಣೆ ಹನಿಸಿಕೊಳ್ಳುವುದನ್ನು ಹೊಸಬರು ಮರೆಯಬಾರದು, ಅದಿಲ್ಲದಿದ್ದರೆ ಹಿಂಡಿಯ ಅರ್ಧ ರುಚಿ ಹೋದಂತೆ. ಮಾಂಸದೂಟ ಬೇಕೆನ್ನುವವರಿಗೆ ಸಾವಜಿ ಖಾನಾವಳಿಗಳಿವೆ, ಅಲ್ಲಿಯ ಖಾರ ತಡೆಯುವ ಗಟ್ಟಿತನ ಇದ್ದರೆ.

ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಮಾತ್ರ ಸಿಗುವ ತಿನಿಸು ಸೀತನಿ. ಹಾಲುಗಾಳು ತುಂಬಿದ ಹಸಿ ತೆನೆಗಳನ್ನು ಹೊಲದ ಬದುವಿನಲ್ಲೇ ಕುಳ್ಳಿನ ಕೆಂಡದ ಮೇಲೆ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಉದುರಿಸಿ, ಹೊಟ್ಟು ಊದಿ, ಬೆಲ್ಲ ಅಥವಾ ಶೇಂಗಾ ಹಿಂಡಿಯ ಜತೆ ತಿನ್ನುತ್ತಾರೆ. ಸಿಹಿತೆನೆ ಎಂಬುದೇ ಬಾಯಲ್ಲಿ ಸವೆದು ಸೀತನಿಯಾಯಿತು. ಹೋಟೆಲಿನಲ್ಲಿ ಇದು ಸಿಗುವುದಿಲ್ಲ, ಪರಿಚಯದ ರೈತರೊಬ್ಬರು ಬೇಕು. ಅಥವಾ ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯ ಯಾವುದಾದರೂ ಹಾದಿ ಹಿಡಿದರೆ ಸಾಕು. ಅಂದು ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಪೂಜೆ ಮಾಡಿ, ನಿಂತ ಬೆಳೆಗೆ ಚರಗ ಚೆಲ್ಲಿ, ಸಜ್ಜೆ ಕಡುಬು, ರೊಟ್ಟಿ, ಪಲ್ಯಗಳನ್ನು ಬಯಲಲ್ಲೇ ಉಣ್ಣುತ್ತಾರೆ. ಹಾದಿಯಲ್ಲಿ ಹೋಗುವ ಅಪರಿಚಿತರನ್ನೂ ಕರೆದು ಕೂರಿಸಿ ಉಣಿಸುವುದು ರೂಢಿ. ಪ್ರವಾಸದ ದಿನ ಗೊತ್ತುಮಾಡುವವರು ಪಂಚಾಂಗದಲ್ಲಿ ಈ ಒಂದು ದಿನವನ್ನು ನೋಡಿಟ್ಟುಕೊಂಡರೆ ಉಳಿದ ಹೊಂದಾಣಿಕೆ ಆಮೇಲೆ ಮಾಡಿಕೊಳ್ಳಬಹುದು.

ನೋಡುವ ಜಾಗಗಳಲ್ಲಿ ಮೊದಲು ಬಸವನ ಬಾಗೇವಾಡಿ. ಹನ್ನೆರಡನೆಯ ಶತಮಾನದ ಬಸವಣ್ಣನವರು ಮಾದರಸ, ಮಾದಲಾಂಬಿಕೆಯರ ಮಗನಾಗಿ ಹುಟ್ಟಿದ ಊರು ಇದೆಂದು ಪರಂಪರೆ ಹೇಳುತ್ತದೆ. ಊರ ನಡುವಿನ ಬಸವೇಶ್ವರ ದೇವಾಲಯ ಇಲ್ಲಿಯ ಬದುಕಿನ ಕೇಂದ್ರ. ಶ್ರಾವಣದಲ್ಲಿ ಅದರ ಜಾತ್ರೆ ಸೇರಿದಾಗ ಸುತ್ತಲಿನ ಹಳ್ಳಿಗಳು ಬರಿದಾಗುತ್ತವೆ. ಹುಟ್ಟಿದ ಮನೆಯ ಜಾಗವೆಂದು ನಂಬಿದಲ್ಲಿ ಜನ್ಮಸ್ಮಾರಕವಿದೆ. ಉಪನಯನವನ್ನು ಒಲ್ಲೆನೆಂದು ಮನೆ ಬಿಟ್ಟು ಕೂಡಲಸಂಗಮದ ಹಾದಿ ಹಿಡಿದ ಹುಡುಗನ ಕಥೆಯನ್ನು ಓದಿದವರಿಗೆ ಈ ಓಣಿಗಳಲ್ಲಿ ನಡೆಯುವುದು ಬೇರೆಯೇ ಅನುಭವ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು.

ಬಾಗೇವಾಡಿಗೆ ಹತ್ತಿರದ ಇಂಗಳೇಶ್ವರವನ್ನು ಬಸವಣ್ಣನ ತಾಯಿಯ ತವರೆಂದು ಕರೆಯುತ್ತಾರೆ. ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯನ್ನು ನೆನೆದು, ಹುಟ್ಟಿದ್ದು ಇಲ್ಲೇ ಎನ್ನುವವರೂ ಇದ್ದಾರೆ. ಶರಣರ ವಚನಗಳನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ ವಚನ ಶಿಲಾಮಂಟಪ ಇಲ್ಲಿಯ ವಿಶೇಷ. ತಾಳೆಗರಿಯ ಕಟ್ಟುಗಳಲ್ಲಿ ಹುಳು ಹಿಡಿಯುತ್ತಿದ್ದ ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು ದುಡಿದದ್ದು ವಿಜಯಪುರದಲ್ಲೇ. ಅವರ ವಚನಶಾಸ್ತ್ರಸಾರ 1923ರಲ್ಲಿ ಹೊರಬಂತು. ಗರಿಯಿಂದ ಕಾಗದಕ್ಕೆ, ಕಾಗದದಿಂದ ಕಲ್ಲಿಗೆ: ಒಂದೇ ಜಿಲ್ಲೆಯೊಳಗೆ ವಚನಗಳು ನಡೆದು ಬಂದ ಈ ದಾರಿಯನ್ನು ಒಂದು ಬೆಳಗಿನಲ್ಲಿ ಕಣ್ಣಾರೆ ಕಾಣಬಹುದು.

ವಿಜಯಪುರದಿಂದ ಬಾಗಲಕೋಟೆಗೆ ಹೋಗುವ ಹೆದ್ದಾರಿಯಲ್ಲಿ, ಕೃಷ್ಣೆಯ ಉದ್ದನೆಯ ಸೇತುವೆಗೆ ಮೊದಲು ಸಿಗುವ ಊರು ಕೊಲ್ಹಾರ. ಹಳೆಯ ಕೊಲ್ಹಾರ ಆಲಮಟ್ಟಿಯ ಹಿನ್ನೀರಿಗೆ ಬಿಟ್ಟುಕೊಟ್ಟ ಊರು. ಈಗಿನದು ಮೇಲೆ ಕಟ್ಟಿದ ಹೊಸ ಊರು. ಮುಳುಗದೆ ಉಳಿದು ಬಂದದ್ದು ಅದರ ಮೊಸರು. ಎಮ್ಮೆಯ ಹಾಲನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಕಾಯಿಸಿ, ಮಣ್ಣಿನ ಪುಟ್ಟ ಗಡಿಗೆಗಳಿಗೆ ಸುರಿದು ಹೆಪ್ಪು ಹಾಕುತ್ತಾರೆ. ಗಡಿಗೆಯ ಸಣ್ಣ ರಂಧ್ರಗಳು ಮೊಸರಿನ ನೀರನ್ನು ಹೀರುತ್ತವೆ. ಹೀರಿದ ನೀರು ಹೊರಮೈಯಿಂದ ಆವಿಯಾಗುತ್ತ ಒಳಗನ್ನು ತಂಪಾಗಿಡುತ್ತದೆ. ಹವೆ ಒಣಗಿದಷ್ಟೂ ಈ ಕೆಲಸ ಚುರುಕು. ಹಾಗಾಗಿ ಗಡಿಗೆಯನ್ನು ಬೋರಲು ಹಿಡಿದರೂ ಬೀಳದಷ್ಟು ಗಟ್ಟಿಯಾದ, ಮೇಲೆ ಬೆರಳು ದಪ್ಪ ಕೆನೆ ಕಟ್ಟಿದ ಮೊಸರು ಸಿಗುತ್ತದೆ. ಬಸ್ಸು ನಿಂತ ಐದೇ ನಿಮಿಷದಲ್ಲಿ ಕಿಟಕಿಯಿಂದ ಕೈಚಾಚಿ ಕೊಳ್ಳುವ ಪ್ರಯಾಣಿಕರನ್ನು ಇಲ್ಲಿ ನಿತ್ಯ ಕಾಣಬಹುದು. ಕೊಂಡವರು ಅಲ್ಲೇ ನೆರಳಿಗೆ ನಿಂತು, ಸಕ್ಕರೆ ಬೆರೆಸದೆ ಒಂದು ಗಡಿಗೆ ಖಾಲಿ ಮಾಡುವುದು ಒಳ್ಳೆಯದು. ಊರಿಗೆ ಒಯ್ಯುವಷ್ಟರಲ್ಲಿ ಅದು ಹುಳಿ ಬರುತ್ತದೆ.

ಮಧ್ಯಾಹ್ನ ಕೊಲ್ಹಾರದಲ್ಲಿ ಕಳೆದವರಿಗೆ ಸಂಜೆಗೆ ಆಲಮಟ್ಟಿ ಸರಿಯಾಗುತ್ತದೆ. ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟೆಗೆ 1964ರ ಮೇ 22ರಂದು ಅಡಿಗಲ್ಲು ಇಟ್ಟವರು ಲಾಲ್ ಬಹದ್ದೂರ್ ಶಾಸ್ತ್ರಿ. ಜಲಾಶಯಕ್ಕೆ ಅವರದೇ ಹೆಸರು. 2006ರ ಆಗಸ್ಟಿನಲ್ಲಿ ಆಗಿನ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಇದನ್ನು ನಾಡಿಗೆ ಅರ್ಪಿಸಿದರು. ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಉದ್ದ, 26 ಗೇಟುಗಳು, 519.60 ಮೀಟರ್ ಮಟ್ಟದವರೆಗೆ ಸುಮಾರು 123 ಟಿಎಂಸಿ ನೀರು, ಬುಡದಲ್ಲಿ 290 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ. ಗೇಟು ತೆರೆದು ನೀರು ಧುಮುಕುವುದನ್ನು ನೋಡಬೇಕೆಂದರೆ ಮುಂಗಾರಿನಲ್ಲೇ ಬರಬೇಕು. ಚಳಿಗಾಲದ ನೋಟ ಬೇರೆ. ತುಂಬಿ ನಿಂತ ಹಿನ್ನೀರು ಸಮುದ್ರದ ಹಾಗೆ ಹರಡಿರುತ್ತದೆ, ಅದರ ಅಂಚಿಗೆ ಪಟ್ಟೆತಲೆ ಹೆಬ್ಬಾತಿನಂಥ ವಲಸೆ ಹಕ್ಕಿಗಳು ಇಳಿದಿರುತ್ತವೆ. ಶಿಲ್ಪಗಳಿರುವ ರಾಕ್ ಗಾರ್ಡನ್, ಮೊಘಲ್ ಮಾದರಿಯ ಉದ್ಯಾನ, ಕತ್ತಲಾದ ಮೇಲೆ ಸಂಗೀತ ಕಾರಂಜಿ ಇವು ಮಕ್ಕಳಿರುವ ಕುಟುಂಬಗಳನ್ನು ಎಳೆದು ನಿಲ್ಲಿಸುತ್ತವೆ. ಸೂರ್ಯ ನೀರಿಗಿಳಿಯುವುದನ್ನು ನೋಡಿದ ಮೇಲೆಯೇ ಕಾರಂಜಿಯ ಕಡೆ ಹೊರಡುವುದು ಉತ್ತಮ. ನೀರಾವರಿಯೂ ಬೆಳಕೂ ಬಂದದ್ದು ಹಲವು ಊರುಗಳು ಮುಳುಗಿದ ನೀರಿನಿಂದ ಎಂಬುದು ಈ ದಂಡೆಯಲ್ಲಿ ನಿಂತಾಗ ಮರೆಯುವಂಥದಲ್ಲ. ಹತ್ತಿರದ ಯಲಗೂರಿನಲ್ಲಿ ಏಳು ಊರುಗಳ ಒಡೆಯನೆಂದು ಹೆಸರಾದ ಹನುಮಂತನ ಗುಡಿ ಇದೆ.

ಮುದ್ದೇಬಿಹಾಳ ಪಟ್ಟಣಕ್ಕೆ ಅದರದೇ ಆದ ದೊಡ್ಡ ಸ್ಮಾರಕವಿಲ್ಲ. ಅದರ ಸಂಪತ್ತೆಲ್ಲ ಕೃಷ್ಣೆಯ ದಂಡೆಯ ಹಳ್ಳಿಗಳಲ್ಲಿದೆ. ತಂಗಡಗಿ ಅದರಲ್ಲಿ ಮೊದಲನೆಯದು. ಕಲ್ಯಾಣದ ಕ್ರಾಂತಿಯ ನಂತರ ಸಂಗಮಕ್ಕೆ ಹೋದ ಬಸವಣ್ಣ, ಹೆಂಡತಿ ನೀಲಾಂಬಿಕೆಯನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರೆಂದೂ ಅವರಿಬ್ಬರೂ ನದಿಯ ಈಚೆ ದಡ ಮುಟ್ಟುವಷ್ಟರಲ್ಲಿ ಬಸವಣ್ಣ ಐಕ್ಯರಾದ ಸುದ್ದಿ ಬಂತೆಂದೂ ಶರಣರ ಕಥೆ ಹೇಳುತ್ತದೆ. ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ನೀಲಮ್ಮ ಈ ದಡದಲ್ಲೇ ಐಕ್ಯಳಾದಳು. ಅವಳ ಗುಡಿ ತಂಗಡಗಿಯ ಹೊಳೆಯ ಬದಿಗಿದೆ. ಅಪ್ಪಣ್ಣನ ಹೆಸರಿನ ಮಠವೂ ಇದೇ ಊರಿನಲ್ಲಿದೆ. ಆಚೆ ದಡಕ್ಕೆ, ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯಲ್ಲಿ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ. ಅಲ್ಲಿ ಯಾತ್ರಿಕರ ದಟ್ಟಣೆ, ಇಲ್ಲಿ ಬಹುಪಾಲು ದಿನ ಹೊಳೆಯ ಸದ್ದು ಮಾತ್ರ. ಎರಡನ್ನೂ ನೋಡಬೇಕು, ಆದರೆ ತಂಗಡಗಿಯನ್ನು ಮೊದಲು ನೋಡಬೇಕು. ಬಾಗೇವಾಡಿಯಲ್ಲಿ ಹುಟ್ಟಿನಿಂದ ಶುರುವಾದ ಕಥೆ ಇಲ್ಲಿ ನದಿಯ ಎರಡು ದಂಡೆಗಳಲ್ಲಿ ಮುಗಿಯುವುದು ಆಗ ಮನಸ್ಸಿಗೆ ಇಳಿಯುತ್ತದೆ.

ಇದೇ ತಂಗಡಗಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಪಕ್ಕದ ರಕ್ಕಸಗಿಯೊಂದಿಗೆ ಸೇರಿ ಇನ್ನೊಂದು ಕಾರಣಕ್ಕೆ ಬರುತ್ತದೆ. 1565ರ ಜನವರಿ 23ರಂದು ವಿಜಯನಗರದ ಅಳಿಯ ರಾಮರಾಯನ ಸೈನ್ಯವನ್ನು ವಿಜಯಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರಿನ ಸುಲ್ತಾನರ ಒಕ್ಕೂಟ ಸೋಲಿಸಿದ ಯುದ್ಧವನ್ನು ಕನ್ನಡಿಗರು ರಕ್ಕಸಗಿ–ತಂಗಡಗಿ ಕಾಳಗವೆಂದು ಕರೆಯುತ್ತಾರೆ. ಒಕ್ಕೂಟದ ಪಡೆಗಳು ಬೀಡುಬಿಟ್ಟದ್ದು ಡೋಣಿ ದಂಡೆಯ ತಾಳಿಕೋಟೆಯಲ್ಲಿ, ಅದರಿಂದಲೇ ತಾಳಿಕೋಟೆ ಯುದ್ಧ ಎಂಬ ಹೆಸರೂ ಬಂತು. ಕಾಳಗ ನಡೆದ ಬಯಲು ಖಚಿತವಾಗಿ ಯಾವುದೆಂಬ ಬಗ್ಗೆ ವಿದ್ವಾಂಸರ ಚರ್ಚೆ ಮುಗಿದಿಲ್ಲ. ನೋಡಲು ಇಲ್ಲಿ ಕೋಟೆಯಿಲ್ಲ, ವಿಜಯಸ್ತಂಭವಿಲ್ಲ. ಜೋಳ, ತೊಗರಿ, ಕಡಲೆಯ ಹೊಲಗಳಿವೆ. ಆದರೂ ಜನವರಿಯ ಒಂದು ಬೆಳಗ್ಗೆ, ಆ ದಿನದ ಬಿಸಿಲಿನಂಥದೇ ಬಿಸಿಲಿನಲ್ಲಿ, ಕೃಷ್ಣೆಯ ಹಾಯ್ಗಡದ ಕಡೆ ನಡೆದು ಹೋದರೆ ರಾಜ್ಯವೊಂದರ ಗತಿಯನ್ನು ಹೊರಳಿಸಿದ ನೆಲದ ಅಳತೆ ಕಾಲಿಗೆ ತಿಳಿಯುತ್ತದೆ. ತಾಳಿಕೋಟೆಯಲ್ಲಿ ಖಾಸ್ಗತೇಶ್ವರ ಮಠ ನೋಡಬಹುದು. ಇಳಕಲ್ ಸೀರೆ ಬೇಕೆನ್ನುವವರು ಮುದ್ದೇಬಿಹಾಳದಿಂದ ಹೊಳೆ ದಾಟಿ ಮಗ್ಗದ ಊರಿಗೇ ಹೋಗಬಹುದು, ದೂರವೇನಲ್ಲ.

ವಿಜಯಪುರದಿಂದ ಸಿಂದಗಿಗೆ ಹೋಗುವ ಹಾದಿಯಲ್ಲಿ ಸುಮಾರು 20 ಕಿಲೋಮೀಟರಿಗೆ ಕುಮಟಗಿ ಸಿಗುತ್ತದೆ. ಈ ಸೀಮೆಯ ಬಿಸಿಲನ್ನು ಅರಸರು ಹೇಗೆ ಎದುರಿಸಿದರೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದಿಲ್ ಶಾಹಿಗಳು ಬೇಸಿಗೆಯ ವಿಹಾರಕ್ಕೆಂದು ಕೆರೆಯ ಬಳಿ ಕಟ್ಟಿಸಿದ ಜಲಮಂಟಪಗಳಿವು. ಕೆರೆಯ ನೀರನ್ನು ಎತ್ತರದ ಗೋಪುರಕ್ಕೆ ಏರಿಸಿ, ಅಲ್ಲಿಂದ ಗೋಡೆಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ಇಳಿಬಿಟ್ಟರೆ, ಇಳಿದ ವೇಗಕ್ಕೇ ಕಾರಂಜಿಗಳು ಚಿಮ್ಮುತ್ತಿದ್ದವು, ಮಂಟಪದ ಛಾವಣಿಯಿಂದ ನೀರು ತುಂತುರಾಗಿ ಉದುರುತ್ತಿತ್ತು. ಒಮ್ಮೆ ಏರಿಸಿದ ಮೇಲೆ ನೀರಿನ ಭಾರವೊಂದನ್ನೇ ನಂಬಿ ಕಟ್ಟಿದ ಮಳೆ. ಒಂದು ಮಂಟಪದ ಒಳಗೋಡೆಗಳಲ್ಲಿ ಪೋಲೋ ಆಡುವ ಕುದುರೆ ಸವಾರರು, ಕುಸ್ತಿಯ ಜಟ್ಟಿಗಳು, ಬಣ್ಣ ಮಾಸಿದರೂ ಗುರುತು ಹಿಡಿಯುವಂತೆ ಉಳಿದಿದ್ದಾರೆ. ಗೋಡೆಗೆ ಕೈ ತಾಗಿಸದಿರುವುದೊಂದೇ ಈಗ ಆ ಚಿತ್ರಗಳಿಗೆ ಪ್ರವಾಸಿಗ ಮಾಡಬಹುದಾದ ಉಪಕಾರ. ಮಧ್ಯಾಹ್ನದ ಬಿಸಿಲು ಏರುವ ಹೊತ್ತಿಗೆ ಇಲ್ಲಿಗೆ ಬಂದರೆ ಮಂಟಪದ ನೆರಳಿನ ಬೆಲೆ ಸರಿಯಾಗಿ ಗೊತ್ತಾಗುತ್ತದೆ, ಆದ್ದರಿಂದ ಮೇಲಿನ ದಿನಚರಿಗೆ ಕುಮಟಗಿ ಒಂದು ಹೊರತು.

ಅದೇ ಹಾದಿಯಲ್ಲಿ ಮುಂದೆ ದೇವರ ಹಿಪ್ಪರಗಿ. ಬಟ್ಟೆ ಒಗೆಯುವ ಕಾಯಕದವನಾಗಿದ್ದು, ಕಲ್ಯಾಣದಲ್ಲಿ ವೀರ ಗಣಾಚಾರಿಯೆಂದು ಹೆಸರಾದ ವಚನಕಾರ ಮಡಿವಾಳ ಮಾಚಿದೇವನ ಊರು ಇದು. ಸಿಂದಗಿ ಭಾಗದ ಗೋಲಗೇರಿಯಲ್ಲಿ ಇನ್ನೊಬ್ಬ ಶರಣನ ಗುಡಿ ಇದೆ, ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿದ ಕುರುಬ ವೀರಗೊಲ್ಲಾಳನದು. ಅಗಸ, ಕುರುಬ, ಹಡಪದ ಕಾಯಕದವ, ಬ್ರಾಹ್ಮಣ ಮನೆಯ ಹುಡುಗ, ಇವರೆಲ್ಲ ಒಂದೇ ಚಳವಳಿಗೆ ಸೇರಿದವರು, ಒಂದೆರಡು ದಿನದ ನಡಿಗೆಯ ಅಂತರದ ಊರುಗಳಿಗೆ ಇಂದು ಅವರ ಹೆಸರುಗಳಿಂದಲೇ ಕೀರ್ತಿ. ಇಂಥ ನಕ್ಷೆ ಬೇರೆಲ್ಲೂ ಇಷ್ಟು ದಟ್ಟವಾಗಿ ಸಿಗದು. ವಚನಗಳನ್ನೂ ಶಾಸನಗಳನ್ನೂ ಬಾಳಿನುದ್ದಕ್ಕೂ ಅರಸಿದ ಸಂಶೋಧಕ ಎಂ. ಎಂ. ಕಲಬುರ್ಗಿಯವರ ಯರಗಲ್ಲು ಕೂಡ ಸಿಂದಗಿ ಸೀಮೆಯ ಹಳ್ಳಿಯೇ. ಸಿಂದಗಿ ಪಟ್ಟಣದಲ್ಲಿ ಸಂತೆಯ ದಿನ ಸಿಕ್ಕರೆ ಒಂದು ತಾಸು ಅಲ್ಲಿ ಅಡ್ಡಾಡಬೇಕು. ಬಿಳಿಜೋಳ, ಅಗಸಿ, ಗುರೆಳ್ಳು, ಹೊಸ ಮೆಣಸಿನಕಾಯಿ, ಬೆಳೆದವರ ಕೈಯಿಂದಲೇ ಸಿಗುತ್ತವೆ.

ಇಂಡಿಗೆ ಬಂದಾಗ ಮೊದಲು ಎದುರಾಗುವುದು ಲಿಂಬೆ. ತೆಳು ಸಿಪ್ಪೆಯ, ರಸ ತುಂಬಿದ ಕಾಗಜಿ ಲಿಂಬೆಗೆ ಈ ಒಣ ಹವೆ ಹೇಳಿ ಮಾಡಿಸಿದಂತಿದೆ. ತೇವ ಕಡಿಮೆಯಾದ್ದರಿಂದ ರೋಗ ಕಡಿಮೆ, ಹಣ್ಣಿಗೆ ಹುಳಿಯೂ ಹೊಳಪೂ ಹೆಚ್ಚು. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಲ್ಲೇ. 2025ರಲ್ಲಿ ಈ ಹಣ್ಣು ಅರಬ್ ಸಂಯುಕ್ತ ಸಂಸ್ಥಾನಕ್ಕೂ ರಫ್ತಾಯಿತು. ಮಾರುಕಟ್ಟೆಯಲ್ಲಿ ರಾಶಿರಾಶಿ ಹಳದಿ, ಹಸಿರು ಗುಡ್ಡೆಗಳ ನಡುವೆ ಬೆಳಗಿನ ಹೊತ್ತು ನಿಲ್ಲುವುದೇ ಒಂದು ಹಬ್ಬ, ಗಾಳಿಯೆಲ್ಲ ಲಿಂಬೆಯ ಘಮ. ಲಿಂಬೆ ಶರಬತ್ತು ಸರಿ. ಅದಕ್ಕಿಂತ ಮಿಗಿಲಾದದ್ದು ಮನೆಗಳಲ್ಲಿ ಉಪ್ಪು ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ದಿನಗಟ್ಟಲೆ ಬಿಸಿಲಿಗಿಟ್ಟು ಮಾಗಿಸಿದ ಲಿಂಬೆಕಾಯಿ ಉಪ್ಪಿನಕಾಯಿ. ದ್ರಾಕ್ಷಿಯ ವಿಷಯವೂ ಹೀಗೆಯೇ. ಫೆಬ್ರುವರಿಯಿಂದ ಬೇಸಿಗೆಯವರೆಗೆ ಜಿಲ್ಲೆಯ ತೋಟಗಳ ಬದಿಗೆ ಉದ್ದನೆಯ ಬಲೆಯ ಅಟ್ಟಗಳು ಏಳುತ್ತವೆ, ಗೊಂಚಲುಗಳು ಅಲ್ಲಿ ಬಿಸಿಗಾಳಿಗೆ ಬಾಡಿ ಒಣದ್ರಾಕ್ಷಿಯಾಗುತ್ತವೆ.

ಇಂಡಿಯ ಮಗ್ಗುಲಲ್ಲಿರುವ ಸಾಲೋಟಗಿಗೆ ಈಗ ಹೋಗುವವರು ಕಡಿಮೆ. ಸಾವಿರ ವರ್ಷದ ಹಿಂದೆ ನಾನಾ ನಾಡುಗಳ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಿದ್ದರು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಇಲ್ಲೊಂದು ಶಾಲೆ ಕಟ್ಟಿಸಿದ್ದನ್ನೂ ಬಂದವರು ಉಳಿಯಲು 27 ಮನೆಗಳಿದ್ದುದನ್ನೂ ಅವರ ಊಟ, ದೀಪ, ಗುರುವಿನ ಜೀವನಕ್ಕೆ ಭೂಮಿ ಬಿಟ್ಟದ್ದನ್ನೂ 945ರ ಕಂಬದ ಶಾಸನ ಹೇಳುತ್ತದೆ. ವಿದ್ಯಾರ್ಥಿನಿಲಯದ ದೀಪದೆಣ್ಣೆಗೂ ಲೆಕ್ಕ ಇಟ್ಟ ಆ ಕಾಲದ ಕಾಳಜಿ ಓದಿದವರ ಮನಸ್ಸನ್ನು ತಟ್ಟದೆ ಬಿಡದು.

ಇಂಡಿಯಿಂದ ಭೀಮೆಯ ಕಡೆ ಹೊರಳಿದರೆ ಹಲಸಂಗಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ, ಈ ಹಲಸಂಗಿ ಗೆಳೆಯರು ಹಳ್ಳಿಯಲ್ಲಿದ್ದುಕೊಂಡೇ ಕನ್ನಡ ಸಾಹಿತ್ಯಕ್ಕೆ ಒಂದು ಹೊಸ ಬಾಗಿಲು ತೆರೆದವರು. 1931ರಲ್ಲಿ ಬಂದ ಅವರ ಗರತಿಯ ಹಾಡು ಸಂಗ್ರಹದಲ್ಲಿರುವುದು ಹೆಂಗಸರು ಕಟ್ಟಿದ ತ್ರಿಪದಿಗಳು. ಅವು ಹುಟ್ಟಿದ್ದು ಹೆಚ್ಚಾಗಿ ನಸುಕಿನ ಬೀಸುವ ಕಲ್ಲಿನ ಮುಂದೆ, ಇದೇ ಬಿಳಿಜೋಳವನ್ನು ಹಿಟ್ಟು ಮಾಡುತ್ತ. ಕಲ್ಲಿನ ಒಂದು ಸುತ್ತಿಗೆ ಒಂದು ಸಾಲು ಕೂಡಿ, ತವರಿನ ಹಂಬಲ, ಕೂಸಿನ ಮುದ್ದು, ಅತ್ತೆಯ ಮನೆಯ ದಣಿವು ಹಾಡಾದವು. ಹಿಟ್ಟಿನ ಗಿರಣಿ ಬಂದು ಆ ಹಾಡುಗಳಿಗೆ ನೆಲೆ ತಪ್ಪುವ ಮೊದಲೇ ಗೆಳೆಯರು ಮನೆಮನೆಗೆ ಹೋಗಿ ಬರೆದುಕೊಂಡರು. ಹಲಸಂಗಿಯಲ್ಲಿ ನೋಡಲು ಮಹಡಿ ಮಂಟಪಗಳಿಲ್ಲ. ಆದರೆ ಖಾನಾವಳಿಯ ತಾಟಿನಲ್ಲಿ ರೊಟ್ಟಿ ಮುರಿದವರು ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಈ ಊರಿನ ಕಟ್ಟೆಯ ಮೇಲೆ ಒಂದು ಸಂಜೆ ಕೂರಬೇಕು. ಹತ್ತಿರದ ಚಡಚಣ ಗಡಿಯ ಪೇಟೆ. ಮದುವೆಯ ಜವಳಿಗೆ ಮಹಾರಾಷ್ಟ್ರದ ಕಡೆಯಿಂದಲೂ ಅಲ್ಲಿಗೆ ಗಿರಾಕಿಗಳು ಬರುತ್ತಾರೆ. ಅಂಗಡಿಗಳಲ್ಲಿ ಕನ್ನಡ, ಮರಾಠಿ ಒಂದೇ ವಾಕ್ಯದಲ್ಲಿ ಬೆರೆಯುತ್ತವೆ.

ಉಳಿಯಲು ವಿಜಯಪುರದಲ್ಲಿ ಎಲ್ಲ ದರದ ವಸತಿಗಳಿವೆ, ಅಲ್ಲಿಂದ ನಾಲ್ಕೂ ಕಡೆಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಹೋಗುತ್ತವೆ. ಒಂದು ದಿನ ಬಾಗೇವಾಡಿ, ಕೊಲ್ಹಾರ, ಆಲಮಟ್ಟಿ. ಒಂದು ದಿನ ತಾಳಿಕೋಟೆ, ಮುದ್ದೇಬಿಹಾಳ, ತಂಗಡಗಿ. ಒಂದು ದಿನ ಕುಮಟಗಿ, ಸಿಂದಗಿ, ಇಂಡಿ ಎಂದು ಹಂಚಿಕೊಂಡರೆ ಧಾವಂತವಾಗದು. ತಲೆಗೊಂದು ವಸ್ತ್ರ, ಕೈಯಲ್ಲಿ ನೀರು, ನಸುಕಿಗೆ ಒಂದು ಶಾಲು ಇರಲಿ. ಕಟ್ಟಿಕೊಂಡು ಹೋಗಲು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಲಿಂಬೆ, ಒಣದ್ರಾಕ್ಷಿ ತಕ್ಕವು. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲಿಲ್ಲ. ಸೊಲ್ಲಾಪುರ–ಗದಗ ಮಾರ್ಗದಲ್ಲಿ ಆಲಮಟ್ಟಿ, ಬಸವನ ಬಾಗೇವಾಡಿ ರೋಡ್, ಇಂಡಿ ರೋಡ್ ನಿಲ್ದಾಣಗಳಿವೆ. ಹೆಸರಿನ ಕೊನೆಗೆ ರೋಡ್ ಎಂದಿರುವ ಎರಡೂ ಊರಿನಿಂದ ದೂರ, ಗಾಡಿ ಹಿಡಿಯುವವರು ಆ ದಾರಿಯ ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡು ಊರು ಬಿಡಬೇಕು.